ಸಾವಿರದೊಳಗಿನ ಸಾವು

ಟೈಪಕ್ಕನ ಅಂಗಡಿಗೆ ಮೊದಲ ಸಲ ಬಂದವರು ಅವಳ ಕಂಪ್ಯೂಟರನ್ನು ಕಂಡು ನಗುತ್ತಿದ್ದರು. ಬೆನ್ನು ಉಬ್ಬಿದ ಪರದೆ, ಬಿಳಿ ಹೋಗಿ ಹಳದಿಗೆ ತಿರುಗಿದ ಡಬ್ಬ, ಚಾಲೂ ಮಾಡಿದ ಕೂಡಲೇ ಭಾಷಣಕ್ಕೆ ಎದ್ದು ನಿಂತವರ ಹಾಗೆ ಗಂಟಲು ಸರಿಮಾಡಿಕೊಳ್ಳುವ ಫ್ಯಾನು. ಮೆಟ್ಟಿಲ ಕೆಳಗಿನ ಆ ಮೂಲೆಯಲ್ಲಿ ಎರಡು ಕುರ್ಚಿ ಹಾಕಿದರೆ ಮೂರನೆಯವರು ನಿಂತೇ ಮಾತಾಡಬೇಕು. ನಿಂತವರು ಎತ್ತರದವರಾಗಿದ್ದರೆ ತಲೆ ಬಗ್ಗಿಸಿಕೊಂಡು ಮಾತಾಡಬೇಕು. ಅಧಿಕಾರಿಗಳೂ ಅಲ್ಲಿ ತಲೆ ಬಗ್ಗಿಸುತ್ತಿದ್ದರು ಎಂಬುದು ಆ ಅಂಗಡಿಯ ಒಂದು ಸೊಗಸು.

"ಹೊಸದು ತಗೊಳ್ಳಬಾರದೇನಕ್ಕ, ಯಾವ ಕಾಲದ್ದಿದು?" ಎಂದು ಕೇಳಿದವರಿಗೆ ಅವಳದು ಒಂದೇ ಉತ್ತರ. "ಹೊಸದೂ ಇದೆ. ಮನೇಲಿದೆ. ಅದನ್ನ ಪರೀಕ್ಷೆ ಮಾಡ್ತಿದ್ದೀನಿ. ಇನ್ನೂ ಪಾಸಾಗಿಲ್ಲ."

ಜನ ಇದನ್ನು ತಮಾಷೆ ಅಂದುಕೊಂಡು ಹೋಗುತ್ತಿದ್ದರು. ಅದು ತಮಾಷೆಯಾಗಿರಲಿಲ್ಲ. ಬರೆಯುವ ಸಾಫ್ಟ್‌ವೇರಿನ ಪ್ರತಿ ಹೊಸ ಆವೃತ್ತಿ ಬಂದಾಗಲೂ ಅವಳು ಅದನ್ನು ಕೂರಿಸಿ ಪರೀಕ್ಷೆ ಮಾಡುತ್ತಿದ್ದಳು, ಫಲಿತಾಂಶವನ್ನು ನೀಲಿ ರಟ್ಟಿನ ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಡುತ್ತಿದ್ದಳು. ಯಾರೂ ಹೇಳಿರಲಿಲ್ಲ, ಯಾರೂ ಕಲಿಸಿರಲಿಲ್ಲ. ಕಲಿಸಿದ್ದು ಒಂದು ತಪ್ಪು.

ಅಂಗಡಿ ತೆರೆದ ಮೊದಲ ವರ್ಷ ಸಸಿ ಮಾರುವವನೊಬ್ಬ ತನ್ನ ತೋಟದ ಪರಿಚಯಪತ್ರ ಟೈಪು ಮಾಡಿಸಲು ಬಂದಿದ್ದ. ಎಲ್ಲ ಮುಗಿದ ಮೇಲೆ, "ಅಕ್ಕ, ನಾವು ಮಾರೋದು ಮರ ಅಲ್ಲ, ಗಿಡ. ಎಲ್ಲಾ ಕಡೆ ಮರ ತೆಗೆದು ಗಿಡ ಹಾಕಿಬಿಡಿ" ಎಂದ. ಅವಳು 'ಹುಡುಕಿ ಬದಲಿಸು' ಎಂಬ ಆಜ್ಞೆ ಕೊಟ್ಟಳು, 'ಎಲ್ಲವನ್ನೂ' ಎಂಬುದನ್ನು ಒತ್ತಿದಳು, ಮುದ್ರಿಸಿ ಕೊಟ್ಟಳು. ಎರಡು ದಿನ ಬಿಟ್ಟು ಅವನು ಕಾಗದ ಹಿಡಿದುಕೊಂಡು ಬಂದ. ತೋಟ ಕಟ್ಟಿದ ಅವನ ಅಪ್ಪನ ಬಗ್ಗೆ ಕೊನೆಯಲ್ಲಿ ಎರಡು ಸಾಲಿದ್ದವು. 'ಅವರ ಗಿಡಣಾನಂತರವೂ ಅವರ ಕೀರ್ತಿ ಅಗಿಡ.'

ಅವನು ನಕ್ಕ. ಅವಳು ನಗಲಿಲ್ಲ. ಮರಣದೊಳಗೆ ಮರವಿದೆ, ಅಮರದೊಳಗೂ ಮರವಿದೆ, ಯಂತ್ರಕ್ಕೆ ಎಲ್ಲವೂ ಒಂದೇ. ಆ ಸಂಜೆಯೇ ನೀಲಿ ನೋಟ್‌ಬುಕ್ಕು ಕೊಂಡಳು. ಮೊದಲ ಪುಟದಲ್ಲಿ, ಪದದ ಹೊಟ್ಟೆಯಲ್ಲಿ ಪದ ಅಡಗಿರುವಂಥವನ್ನು ಒಂದೊಂದಾಗಿ ಬರೆಯತೊಡಗಿದಳು. ಸಾವಿರ, ಸಾವಧಾನ, ಸಾವಕಾಶ. ಈ ಮೂರರ ಹೊಟ್ಟೆಯಲ್ಲೂ ಸಾವು. ಆ ಪಟ್ಟಿಯೇ ಅವಳ ಪರೀಕ್ಷೆಯ ಪುಟವಾಯಿತು.

ಪಟ್ಟಿ ಬೆಳೆಸಿದ್ದರಲ್ಲಿ ಅರ್ಧ ಪಾಲು ಅವಳ ಅತ್ತೆಯದು. ಅತ್ತೆ ಶಾಲೆಯಲ್ಲಿ ಮೂವತ್ತು ವರ್ಷ ಒಂದನೇ ತರಗತಿಗೆ ಕಾಗುಣಿತ ಕಲಿಸಿ ನಿವೃತ್ತರಾದವರು. ಎರಡನೇ ಕುರ್ಚಿ ಅವರದು. ಕರಡನ್ನು ಗಟ್ಟಿಯಾಗಿ ಓದುವುದು ಅತ್ತೆ, ಪರದೆಯ ಮೇಲೆ ತಾಳೆ ನೋಡುವುದು ಸೊಸೆ. ಅತ್ತೆ ಸೊಸೆ ಹೀಗೆ ದಿನವಿಡೀ ಒಬ್ಬರ ತಪ್ಪನ್ನು ಒಬ್ಬರು ಹುಡುಕುತ್ತ ಕೂತಿದ್ದರೂ ಜಗಳವಾಗದಿದ್ದ ಮನೆ ಆ ಬೀದಿಯಲ್ಲಿ ಅದೊಂದೇ. "ತಪ್ಪು ಹುಡುಕೋದು ಇಲ್ಲೇ ಮುಗಿದುಹೋಗುತ್ತೆ, ಮನೆಗೆ ಉಳಿಯೋದಿಲ್ಲ" ಎನ್ನುತ್ತಿದ್ದರು ಅತ್ತೆ.

ನೋಟ್‌ಬುಕ್ಕಿನ ಪ್ರಕಾರ ಮೊದಲ ಆವೃತ್ತಿ ಬಡಪಾಯಿ. ಇಡೀ ಬರಹವನ್ನು ಮೆಮೊರಿಯಲ್ಲೇ ಹೊತ್ತುಕೊಳ್ಳುತ್ತಿತ್ತು, ಮೂವತ್ತು ಪುಟ ದಾಟಿದರೆ ಕುಸಿದು ಕೂರುತ್ತಿತ್ತು. ಎರಡನೆಯದು ನಲವತ್ತು ಪುಟ ತಡೆಯುತ್ತಿತ್ತು. ಅದಕ್ಕಿಂತ ಹೆಚ್ಚಿಗೆ ಹೇರಿ ಪದ ಬದಲಿಸು ಎಂದರೆ ನಿಂತು ಕೇಳುತ್ತಿತ್ತು: 'ಮೆಮೊರಿ ಸಾಲದು. ಬದಲಿಸಿದ್ದನ್ನು ಮತ್ತೆ ಹಿಂದಿನಂತೆ ಮಾಡಲಾಗದು. ಮುಂದುವರಿಯಲೇ?' ಇದರ ಪಕ್ಕದಲ್ಲಿ ಟೈಪಕ್ಕ ಬರೆದಿದ್ದು ಒಂದೇ ಮಾತು, 'ಮರ್ಯಾದಸ್ಥ.' ಅಂಗಡಿಯ ಹಳದಿ ಡಬ್ಬದಲ್ಲಿ ಅವಳು ಉಳಿಸಿಕೊಂಡದ್ದು ಇದನ್ನೇ. ಮೂರನೆಯದು ನೂರು ಪುಟ ಹೊರುತ್ತೇನೆಂದು ಜಂಬ ಕೊಚ್ಚಿ, ಅರುವತ್ತನೇ ಪುಟದಲ್ಲಿ ಕೈಚೆಲ್ಲಿ, ಮೊದಲರ್ಧ ಬದಲಾಗಿ ಎರಡನೇ ಅರ್ಧ ಹಾಗೇ ಉಳಿದ ಅರೆಬರೆ ಕಾಗದ ಕೊಟ್ಟಿತು. ನಾಲ್ಕನೆಯದು, ಮನೆಯಲ್ಲಿದ್ದ ಹೊಸ ಯಂತ್ರದ್ದು, ಸಾವಿರ ಪುಟವನ್ನೂ ಕಣ್ಣು ಮಿಟುಕಿಸುವುದರೊಳಗೆ ನುಂಗುತ್ತಿತ್ತು. ಏನನ್ನೂ ಕೇಳುತ್ತಿರಲಿಲ್ಲ.

ಇನ್ನೊಂದು ವ್ಯತ್ಯಾಸವನ್ನು ಅವಳು ಕೆಂಪು ಶಾಯಿಯಲ್ಲಿ ಬರೆದಿದ್ದಳು. ಎರಡನೇ ಆವೃತ್ತಿಯಲ್ಲಿ 'ವು' ಎಂದರೆ ಎರಡು ತುಂಡು, 'ವ' ಮತ್ತು ಅದರ ಕೊಂಬು. ಆದರೆ 'ವಿ' ಒಂದೇ ಅಚ್ಚು, ಒಡೆಯುವುದಿಲ್ಲ. ಆದ್ದರಿಂದ 'ಸಾವ' ಎಂದು ಹುಡುಕಿದರೆ 'ಸಾವು' ಸಿಗುತ್ತದೆ, 'ಸಾವಧಾನ' ಸಿಗುತ್ತದೆ, 'ಸಾವಿನ', 'ಸಾವಿರ' ಸಿಗುವುದಿಲ್ಲ. ನಾಲ್ಕನೆಯದರಲ್ಲಿ 'ವಿ' ಕೂಡ ಒಡೆಯುತ್ತದೆ, 'ವ' ಬೇರೆ, ಗುಡಿಸು ಬೇರೆ. ಅಲ್ಲಿ 'ಸಾವ' ಎಂದರೆ ಸಾವು, ಸಾವಿನ, ಸಾವಿಗೆ, ಸಾವಿರ, ಎಲ್ಲವೂ ಬಲೆಗೆ ಬೀಳುತ್ತವೆ. ಅತ್ತೆ ಇದನ್ನು ಕೇಳಿ, "ನನ್ನ ಒಂದನೇ ತರಗತಿ ಮಕ್ಕಳಿಗೆ ಇದು ಅಂದೇ ಗೊತ್ತಿತ್ತು. ತಲಕಟ್ಟು, ಇಳಿ, ಗುಡಿಸು, ಕೊಂಬು. ಇಂಜಿನಿಯರಿಗೆ ಈಗ ಗೊತ್ತಾಯ್ತಾ" ಎಂದಿದ್ದರು.

ಇಂಥ ನೋಟ್‌ಬುಕ್ಕನ್ನು ಲೋಕ ಹುಚ್ಚು ಎನ್ನುತ್ತದೆ. ಲಕ್ಷಾಂತರ ಜನರ ಕಾಗದಗಳ ಮೇಲೆ ಕೈಯಾಡಿಸುವ ಕಚೇರಿಗಳು ಇಂಥ ಒಂದು ಪುಟವನ್ನೂ ಬರೆದಿಡುವುದಿಲ್ಲ. ಅದನ್ನು ಲೋಕ ಆಡಳಿತ ಎನ್ನುತ್ತದೆ.

ಊರಾಚೆಯ ಬಣ್ಣದ ಕಾರ್ಖಾನೆಯಲ್ಲಿ ಅನಿಲ ಸೋರಿದ್ದು ಒಂದು ಮಧ್ಯಾಹ್ನ, ಪಾಳಿ ಬದಲಾಗುವ ಹೊತ್ತಿಗೆ. ಸ್ಥಳದಲ್ಲೇ ಹೋದವರು ಇಬ್ಬರು, ಅದನ್ನು ಕಂಪನಿಯೂ ಒಪ್ಪಿಕೊಂಡಿತು. ಮುಂದಿನ ಹದಿನೈದು ದಿನಗಳಲ್ಲಿ ತಂತಮ್ಮ ಮನೆಯಲ್ಲಿ ಏಳು ಮಂದಿ ಕೆಮ್ಮಿ ಕೆಮ್ಮಿ ಹೋದರು. ಅವರು ತಮ್ಮ ಲೆಕ್ಕಕ್ಕಿಲ್ಲ ಎಂದಿತು ಕಂಪನಿ. ವಿಚಾರಣಾ ಸಮಿತಿ ಕೂತಿತು, ನಿವೃತ್ತ ನ್ಯಾಯಾಧೀಶರೊಬ್ಬರು ಅಧ್ಯಕ್ಷರಾದರು, ಸಮಿತಿಯ ಕಚೇರಿಯ ಗುಮಾಸ್ತ ನೂರಾ ಹದಿನಾಲ್ಕು ಮಂದಿಯ ಹೇಳಿಕೆ ಬರೆದುಕೊಂಡ. ಜನ 'ಹೋಗ್ಬಿಟ್ಟ' ಅಂದರು, 'ತೀರ್ಕೊಂಡಳು' ಅಂದರು, 'ಕೈಯಲ್ಲೇ ಸತ್ತ' ಅಂದರು. ಗುಮಾಸ್ತ ಎಲ್ಲವನ್ನೂ ಒಂದೇ ಅಚ್ಚಿಗೆ ಹಾಕಿ 'ಸಾವು ಸಂಭವಿಸಿರುತ್ತದೆ' ಎಂದು ಬರೆದ. ಕಚೇರಿಯ ಕನ್ನಡದಲ್ಲಿ ಯಾರೂ ಸಾಯುವುದಿಲ್ಲ, ಸಾವು ಸಂಭವಿಸುತ್ತದೆ, ಮಳೆ ಬಂದ ಹಾಗೆ.

ಆ ಕೈಬರಹ ಟೈಪಿಗೆ ಬಂದದ್ದು ಟೈಪಕ್ಕನಿಗೆ. ಆರುನೂರ ಇಪ್ಪತ್ತು ಪುಟ. ಅವಳ ಯಂತ್ರ ನಲವತ್ತು ಪುಟಕ್ಕಿಂತ ಹೆಚ್ಚು ಹೊರಲಾರದಾದ್ದರಿಂದ ಹದಿನಾರು ಕಡತ ಮಾಡಿದಳು. ನಾಲ್ಕು ತಿಂಗಳು ಅತ್ತೆ ಓದಿದರು, ಸೊಸೆ ತಾಳೆ ನೋಡಿದಳು. ಓದುತ್ತ ಓದುತ್ತ ಅತ್ತೆ ಕೆಲವೊಮ್ಮೆ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಿದ್ದರು. ಸೊಸೆ ಕಾಯುತ್ತಿದ್ದಳು. ಮುಗಿದ ಮೇಲೆ ಕಡತಗಳನ್ನು ಸೀಡಿಗೆ ಹಾಕಿ ಕೊಟ್ಟಳು. ಎಲ್ಲವನ್ನೂ ಒಟ್ಟು ಸೇರಿಸಿ ಮುದ್ರಿಸಿ ಒಂದು ಸಂಪುಟ ಮಾಡುವುದು ಸಮಿತಿಯ ಕಚೇರಿಯ ಕೆಲಸ. ಗೋಪ್ಯ ದಾಖಲೆ, ಪ್ರತಿ ಇಟ್ಟುಕೊಳ್ಳಕೂಡದು ಎಂದು ಬರೆಸಿಕೊಂಡಿದ್ದರು. ಅವಳು ಮಾತು ಕೊಟ್ಟವಳು, ಅಳಿಸಿಬಿಟ್ಟಳು. ಒಂದು ಪುಟವನ್ನೂ ಇಟ್ಟುಕೊಳ್ಳಲಿಲ್ಲ.

ಮೂರು ತಿಂಗಳ ನಂತರ ಎದುರು ಸಾಲಿನ ಹೊಲಿಗೆಯವಳು ಅಂಗಡಿಗೆ ಬಂದಳು. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು, ಕೈಯಲ್ಲಿ ಸಂಪುಟದಲ್ಲಿದ್ದ ತನ್ನ ಹೇಳಿಕೆಯ ನಾಲ್ಕು ಜೆರಾಕ್ಸು ಹಾಳೆ. ಅವಳ ತಮ್ಮ ಆ ಏಳು ಮಂದಿಯಲ್ಲಿ ಒಬ್ಬ.

"ಟೈಪಕ್ಕ, ಮೃತರ ಪಟ್ಟಿಯಲ್ಲಿ ಅವನು ಇಲ್ಲವಂತೆ. ಗಾಯಾಳುಗಳ ಪಟ್ಟಿಯಲ್ಲಿದ್ದಾನಂತೆ. ಕೇಳಿದ್ರೆ, ನಿನ್ನ ಹೇಳಿಕೆಯಲ್ಲೇ ನೋವು ಅಂತಿದೆಯಲ್ಲಮ್ಮ, ಸಾವು ಎಲ್ಲಿದೆ ಅಂತಾರೆ." ಹಾಳೆ ಚಾಚಿದಳು. "ನಾನೇ ಏನಾದ್ರೂ ತಪ್ಪು ಹೇಳಿದ್ನಾ? ಅವತ್ತು ನನಗೆ ತಲೆ ನೆಟ್ಟಗಿರಲಿಲ್ಲ."

"ಕೂತ್ಕೋ ತಂಗಿ."

ಅತ್ತೆ ಹಾಳೆ ತೆಗೆದುಕೊಂಡು ಅಭ್ಯಾಸದಂತೆ ಗಟ್ಟಿಯಾಗಿ ಓದಿದರು. "'ಹದಿಮೂರನೇ ದಿನ ಬೆಳಿಗ್ಗೆ ನನ್ನ ತಮ್ಮನ ನೋವು ಸಂಭವಿಸಿರುತ್ತದೆ. ಅವನ ನೋವಿಗೆ ಕಾರ್ಖಾನೆಯೇ ಕಾರಣ.' ಇದೇನೇ ಇದು, ನಾನು ಓದಿದ್ದು ಹೀಗಲ್ಲ."

"ಮುಂದೆ ಓದಿ ಅತ್ತೆ."

"'ಸ್ಥಳದಲ್ಲೇ ಇಬ್ಬರ ನೋವು ಸಂಭವಿಸಿರುತ್ತದೆ.' ಕಂಪನಿಯೇ ಸತ್ತರು ಅಂತ ಒಪ್ಪಿಕೊಂಡವರಿಗೂ ನೋವಂತೆ. 'ನೋವಧಾನವಾಗಿ ಬಾಗಿಲು ತೆರೆದು ಹೊರಗೆ ಕರೆತಂದೆವು.'" ಅತ್ತೆ ನಿಲ್ಲಿಸಿದರು. "ನೋವಧಾನ?"

ಟೈಪಕ್ಕ ಡ್ರಾಯರಿನಿಂದ ನೀಲಿ ನೋಟ್‌ಬುಕ್ಕು ತೆಗೆದಳು. ಮೊದಲ ಪುಟ, ಇಪ್ಪತ್ತೊಂದು ವರ್ಷ ಹಳೆಯ ಶಾಯಿ: ಸಾವಿರ, ಸಾವಧಾನ, ಸಾವಕಾಶ. ಯಾರೋ 'ಸಾವ' ತೆಗೆದು 'ನೋವ' ಹಾಕಿದ್ದಾರೆ. ಸಾವು ನೋವಾಗುತ್ತದೆ, ಸಾವಿನ ನೋವಿನ ಆಗುತ್ತದೆ, ಸಾವಿಗೆ ನೋವಿಗೆ. ವಿಭಕ್ತಿಯೂ ತಪ್ಪದೆ ಒಂದೇ ಏಟಿಗೆ ಇಡೀ ಸಂಪುಟದಲ್ಲಿ ಯಾರೂ ಸತ್ತಿಲ್ಲ.

"ಆದರೆ 'ಹನ್ನೆರಡು ಸಾವಿರ ಲೀಟರಿನ ತೊಟ್ಟಿ' ಅಂತ ಸರಿಯಾಗಿಯೇ ಇದೆಯಲ್ಲೇ" ಎಂದರು ಅತ್ತೆ. "ಅದೂ ನೋವಿರ ಆಗಬೇಕಿತ್ತು."

ಟೈಪಕ್ಕ ನಾಲ್ಕೂ ಹಾಳೆಯನ್ನು ಬೆರಳಿಟ್ಟು ಓದಿದಳು. ಮೂರನೆಯ ಹಾಳೆಯ ನಡುವೆ ಬೆರಳು ನಿಂತಿತು. "ತಂಗಿ, ನಿನ್ನ ತಮ್ಮ ಮೊದಲ ದಿನ ಮನೆಗೆ ಬಂದಾಗ ಏನಂದ?"

"ಎದೆ ನೋವು ಅಂದ ಅಕ್ಕ."

"ಇಲ್ಲಿ ಏನಿದೆ ನೋಡು. 'ಎದೆಯಲ್ಲಿ ಸಾವಿರುವುದಾಗಿ ತಿಳಿಸಿದನು.'"

ನಡೆದದ್ದೇನೆಂದು ಟೈಪಕ್ಕನಿಗೆ ಹೊಳೆಯಿತು. ಸಾವಿರ ಕೆಟ್ಟಿದ್ದು ಯಾರ ಕಣ್ಣಿಗೋ ಬಿದ್ದಿದೆ. ಅವರು 'ನೋವಿರ' ಹುಡುಕಿ 'ಸಾವಿರ' ಮಾಡಿದ್ದಾರೆ. ಅವಸರದಲ್ಲಿ, ನಿಜವಾಗಿ ನೋವಿದ್ದ ಕಡೆಯ 'ನೋವಿರುವುದಾಗಿ' ಕೂಡ ಬಲೆಗೆ ಬಿದ್ದು 'ಸಾವಿರುವುದಾಗಿ' ಆಗಿದೆ. ಸತ್ತ ಕಡೆಯೆಲ್ಲ ಸಾವನ್ನು ಅಳಿಸಿದ ಕೈ, ಬದುಕಿದ್ದವನ ಎದೆಯಲ್ಲಿ ಅದನ್ನು ಬಿಟ್ಟು ಹೋಗಿದೆ.

"ಸಾವಿರವನ್ನ ರಿಪೇರಿ ಮಾಡಿದ್ದಾರೆ" ಎಂದಳು ಟೈಪಕ್ಕ. "ಸಾವನ್ನ ಮಾಡಿಲ್ಲ."

ಮರುದಿನವೇ ಸಮಿತಿಯ ಕಚೇರಿಗೆ ಹೋದಳು. ಕಾರ್ಯದರ್ಶಿ ಕುರ್ಚಿ ತೋರಿಸಲಿಲ್ಲ. "ನೋಡಮ್ಮ, ಟೈಪು ಮಾಡಿದ್ದು ನೀನು. ಆ ಅಜ್ಜನ ಕಾಲದ ಯಂತ್ರದಲ್ಲಿ ಕೈತಪ್ಪಿ ಏನೋ ಒತ್ತಿರ್ತೀಯ. ತಪ್ಪಾಗಿದ್ರೆ ನಿನ್ನ ಅಂಗಡಿಯ ತಪ್ಪು. ಕೈಬರಹದ ಮೂಲಪ್ರತಿ ಸದ್ಯಕ್ಕೆ ಸಿಗ್ತಾ ಇಲ್ಲ. ಇರೋ ಸಂಪುಟವೇ ದಾಖಲೆ."

"ನನ್ನ ತಪ್ಪು ಅಂತ ಬರೆದುಕೊಡಿ ಸರ್."

"ಏನು?"

"ಈಗ ಹೇಳಿದ್ರಲ್ಲ, ಅದನ್ನೇ. ಯಂತ್ರ ಹಳೆಯದು, ಕೈತಪ್ಪಿ ಒತ್ತಿದ್ದು, ಅಂತ. ನ್ಯಾಯಾಧೀಶರ ಮುಂದೆ ಇಡ್ತೀನಿ."

ಕಾರ್ಯದರ್ಶಿ ಸಂತೋಷದಿಂದಲೇ ಬರೆದುಕೊಟ್ಟರು. ತಪ್ಪನ್ನು ಹೀಗೆ ಬಾಗಿಲಿಗೆ ಬಂದು ಕೇಳಿ ಒಯ್ಯುವವರನ್ನು ಅವರು ಕಂಡಿರಲಿಲ್ಲ. ಒಂದೇ ಒಂದು ಪದ ಅವರು ಗಮನಿಸಲಿಲ್ಲ, 'ಕೈತಪ್ಪಿ'. ಟೈಪಕ್ಕನಿಗೆ ಬೇಕಾಗಿದ್ದು ಅದೇ.

ವಿಚಾರಣೆಯ ದಿನ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಅವಳ ಗಂಡ ರಜೆ ಹಾಕಿ, ಹಳದಿ ಡಬ್ಬವನ್ನು ಹಾಸಿಗೆ ಬಟ್ಟೆಯಲ್ಲಿ ಸುತ್ತಿ, ಬಾಣಂತಿಯನ್ನು ಕರೆತಂದ ಹಾಗೆ ಆಟೋದಲ್ಲಿ ತಂದ. ಸಭಾಂಗಣದ ಉದ್ದನೆಯ ಮೇಜಿನ ಮೇಲೆ ಒಂದು ಕಡೆ ಅದು, ಇನ್ನೊಂದು ಕಡೆ ನಾಲ್ಕನೇ ಆವೃತ್ತಿಯಿದ್ದ ಕಚೇರಿಯ ಹೊಸ ಯಂತ್ರ. ಫ್ಯಾನು ಗಂಟಲು ಸರಿಮಾಡಿಕೊಂಡಾಗ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಕಚೇರಿಯ ಕಂಪ್ಯೂಟರ್ ತಜ್ಞ ಕೈಕಟ್ಟಿ ನಿಂತಿದ್ದ.

ನ್ಯಾಯಾಧೀಶರು ಕೇಳಿದರು. "ಏನು ತೋರಿಸ್ತೀರಮ್ಮ?"

"ಕೈತಪ್ಪು ಹೇಗಾಗುತ್ತೆ ಅಂತ ಸರ್."

ಜೆರಾಕ್ಸು ಹಾಳೆಗಳನ್ನು ಮುಂದಿಟ್ಟುಕೊಂಡು, ಹೊಲಿಗೆಯವಳು ನೆನೆದು ಹೇಳಿದಂತೆ ಕೆಟ್ಟ ಪದಗಳನ್ನು ತಿದ್ದಿ, ಹೇಳಿಕೆಯನ್ನು ಮತ್ತೆ ಟೈಪು ಮಾಡಿ ತಂದಿದ್ದಳು. ಮೊದಲು ಹಳೆಯ ಯಂತ್ರದಲ್ಲಿ 'ಸಾವ' ತೆಗೆದು 'ನೋವ' ಹಾಕಿದಳು. ಪರದೆಯ ಮೇಲೆ ಸಾವು ನೋವಾಯಿತು, ಸಾವಧಾನ ನೋವಧಾನವಾಯಿತು. ಸಾವಿರ ಕದಲಲಿಲ್ಲ.

ತಜ್ಞ ಮುಂದೆ ಬಂದ. "ನೋಡಿ ಸರ್, ಇವರ ಯಂತ್ರದಲ್ಲಿ ಸಾವಿರ ಹಾಗೇ ಉಳಿಯುತ್ತೆ. ಸಂಪುಟದಲ್ಲೂ ಸಾವಿರ ಹಾಗೇ ಇದೆ. ಅಂದ್ರೆ ಇವರಲ್ಲೇ ಆಗಿರೋದು."

"ಸರಿ ಅಣ್ಣ" ಎಂದಳು ಟೈಪಕ್ಕ. "ಪಕ್ಕದ ಸಾಲು ಓದು. 'ಸಾವಿಗೆ' ಕೂಡ ಹಾಗೇ ಉಳಿದಿದೆ, ನನ್ನ ಯಂತ್ರ ಅದನ್ನ ಮುಟ್ಟೋದಿಲ್ಲ. ನಿಮ್ಮ ಸಂಪುಟದಲ್ಲಿ ಒಂದೇ ಒಂದು 'ಸಾವಿಗೆ' ಹುಡುಕಿಕೊಡು."

ತಜ್ಞ ಸಂಪುಟದ ಹಾಳೆ ತಿರುವಿದ. ತಿರುವುತ್ತಲೇ ಇದ್ದ.

"ಇದು ನಾಲ್ಕು ಪುಟ. ಈಗ ನೂರು ಪುಟ ಹೇರ್ತೀನಿ" ಎಂದು ಅವಳು ಬೇರೆ ಕಡತ ತೆರೆದು ಅದೇ ಆಜ್ಞೆ ಕೊಟ್ಟಳು. ಯಂತ್ರ ನಿಂತು ಕೇಳಿತು. ನ್ಯಾಯಾಧೀಶರು ಬಾಗಿ ಓದಿದರು. 'ಮೆಮೊರಿ ಸಾಲದು. ಬದಲಿಸಿದ್ದನ್ನು ಮತ್ತೆ ಹಿಂದಿನಂತೆ ಮಾಡಲಾಗದು. ಮುಂದುವರಿಯಲೇ?'

"ಇದು ಕೇಳುತ್ತೆ ಸರ್. ಇದಕ್ಕೆ ನೆನಪು ಕಮ್ಮಿ, ಅದಕ್ಕೇ ಕೇಳುತ್ತೆ. ಕೇಳದ ಹಾಗೆ ಮಾಡಬೇಕಂದ್ರೆ ನಲವತ್ತು ಪುಟದ ತುಂಡು ಮಾಡಬೇಕು, ಹಾಗಾಗಿ ಹೇಳಿಕೆಗಳು ನನ್ನಲ್ಲಿ ಹದಿನಾರು ಕಡತವಾಗಿದ್ದವು. ಹದಿನಾರು ಸಲ ತೆರೆದು, ಹದಿನಾರು ಸಲ ಸಾವು, ಮತ್ತೆ ಹದಿನಾರು ಸಲ ಸಾವಿಗೆ, ಸಾವಿನ. ಅಷ್ಟು ಸಲ ಕೈ ತಪ್ಪೋದಿಲ್ಲ. ಈಗ ನಿಮ್ಮ ಯಂತ್ರದಲ್ಲಿ ಒಂದೇ ಸಲ ಒತ್ತಿ."

ತಜ್ಞನೇ ಒತ್ತಬೇಕಾಯಿತು. ಹೊಸ ಯಂತ್ರ ಕೇಳಲಿಲ್ಲ, ತಡೆಯಲಿಲ್ಲ. ಸಾವು, ಸಾವಿಗೆ, ಸಾವಿನ, ಸಾವಧಾನ ಎಲ್ಲ ಹೋದವು. 'ಹನ್ನೆರಡು ನೋವಿರ ಲೀಟರಿನ ತೊಟ್ಟಿ' ಎಂದು ಪರದೆಯ ನಡುವೆ ನಿಂತಿತು.

"ನೋವಿರ ಇಲ್ಲಿ ಮಾತ್ರ ಹುಟ್ಟುತ್ತೆ" ಎಂದಳು. "ಹುಟ್ಟಿದ್ದನ್ನ ಯಾರೋ ನೋಡಿದ್ದಾರೆ. ನೋಡಿ ಮತ್ತೆ ಸಾವಿರ ಮಾಡಿದ್ದಾರೆ. ಅದನ್ನೂ ಮಾಡಿ ಸರ್, ಮೂರನೇ ಹಾಳೆ ನೋಡಿ."

'ನೋವಿರ' ತೆಗೆದು 'ಸಾವಿರ' ಹಾಕಿದ ಕೂಡಲೇ ತೊಟ್ಟಿ ಸರಿಹೋಯಿತು. ಕೆಳಗೆ, ಸಂಪುಟದಲ್ಲಿ ಇದ್ದಂತೆಯೇ ಅಕ್ಷರ ತಪ್ಪದೆ, ಆ ಸಾಲು ಮೂಡಿತು: 'ಎದೆಯಲ್ಲಿ ಸಾವಿರುವುದಾಗಿ ತಿಳಿಸಿದನು.'

ನ್ಯಾಯಾಧೀಶರು ಕಾರ್ಯದರ್ಶಿಯ ಕಡೆ ತಿರುಗಿದರು. "ತೊಟ್ಟಿ ಎಷ್ಟು ಲೀಟರಿನದು ಅನ್ನೋದು ತಪ್ಪಬಾರದು ಅಂತ ನಿಮಗೆ ಅನ್ನಿಸಿದೆ. ಒಳ್ಳೇದು."

ಕಾರ್ಯದರ್ಶಿ ಕೊನೆಯದಾಗಿ ಒಂದು ಕೈ ನೋಡಿದರು. "ಇವರೇ ಬೇಕಂತ ಮನೆಯ ಹೊಸ ಯಂತ್ರದಲ್ಲಿ ಮಾಡಿರಬಹುದಲ್ಲ ಸರ್."

ಟೈಪಕ್ಕ ನೀಲಿ ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟು ಮೊದಲ ಪುಟ ತೆರೆದಳು. "ಮಾಡಬಹುದಿತ್ತು. ನಾನು ಮಾಡಿದ್ರೆ ಸಾವಧಾನ ಕೆಡ್ತಿರಲಿಲ್ಲ. ಇಪ್ಪತ್ತೊಂದು ವರ್ಷದಿಂದ ಅದನ್ನ ಕಾಯ್ತಾ ಇದ್ದೀನಿ. ನೀವು ಬರೆದುಕೊಟ್ಟಿದ್ದೂ 'ಕೈತಪ್ಪಿ' ಅಂತ, ಬೇಕಂತ ಅಂತಲ್ಲ."

ಅವಳು ದನಿ ಏರಿಸಲಿಲ್ಲ. ದನಿ ಏರಿಸಲು ಸಕಲ ಹಕ್ಕು ಇದ್ದವಳು, ಒಂದು ಪಟ್ಟಿಯನ್ನು ತೆರೆದಿಟ್ಟು ಪಕ್ಕಕ್ಕೆ ಸರಿದು ನಿಂತಳು. ಕಚೇರಿಯ ಯಂತ್ರವನ್ನು ಆಗಲೇ ವಶಕ್ಕೆ ತೆಗೆದುಕೊಂಡರು. ಸಂಪುಟವನ್ನು ದಾಖಲೆಯಿಂದ ತೆಗೆದುಹಾಕಿ, ಎಲ್ಲ ಹೇಳಿಕೆಗಳನ್ನೂ ತೆರೆದ ಸಭೆಯಲ್ಲಿ ಮತ್ತೆ ಪಡೆಯಬೇಕೆಂದು ನ್ಯಾಯಾಧೀಶರು ಆದೇಶಿಸಿದರು. ಟೈಪು ಮಾಡುವವರು ಯಾರು ಎಂಬ ಪ್ರಶ್ನೆ ಬಂದಾಗ ಅವರು ಹಳದಿ ಡಬ್ಬದ ಕಡೆ ಕೈ ತೋರಿಸಿದರು. "ಕೇಳಿ ಮಾಡೋ ಯಂತ್ರ ಇರಲಿ."

ಮೊದಲ ಸಾಕ್ಷಿ ಹೊಲಿಗೆಯವಳು. ಅವಳು ಎದುರು ಕೂತು ಟೇಪನ್ನು ಬೆರಳಿಗೆ ಸುತ್ತುತ್ತ ಹೇಳಿದಳು. "ಸಂಭವಿಸೋದು ಗಿಂಭವಿಸೋದು ಬೇಡ ಟೈಪಕ್ಕ. ನನ್ನ ತಮ್ಮ ಸತ್ತ. ಹಾಗೇ ಹಾಕು."

'ನನ್ನ ತಮ್ಮ ಸತ್ತ' ಎಂದು ಟೈಪಕ್ಕ ಹಾಕಿದಳು. ಹಾಕಿ, ಪರದೆಯನ್ನೇ ನೋಡುತ್ತ ಕೂತಳು. ಪಕ್ಕದ ಕುರ್ಚಿಯಲ್ಲಿದ್ದ ಅತ್ತೆ ಕನ್ನಡಕದ ಮೇಲಿಂದ ನೋಡಿದರು.

"ಏನೇ, ಏನು ಹುಡುಕ್ತಿದ್ದೀಯ?"

"ಸ ತೆಗೆದು ಅ ಹಾಕಿದ್ರೆ ಏನಾಗುತ್ತೆ ಅತ್ತೆ?"

ಅತ್ತೆ ತುಟಿ ಅಲ್ಲಾಡಿಸಿ ನೋಡಿದರು. ಸತ್ತ, ಅತ್ತ. ಸತ್ತಳು, ಅತ್ತಳು. ಸತ್ತರು, ಅತ್ತರು. "ಸತ್ತೋರೆಲ್ಲ ಅತ್ತೋರಾಗ್ತಾರೆ. ನಾನು ಸತ್ತೆ ಅಂದ್ರೆ ಮತ್ತೆ ಅತ್ತೆಯೇ ಆಗ್ತೀನಿ. ನಿನಗೆ ಬಿಡುಗಡೆ ಇಲ್ಲ ಕಣೇ."

ಸೊಸೆ ನಕ್ಕಳು, ಆ ದಿನದ ಮೊದಲ ನಗು. ಆಮೇಲೆ ನೋಟ್‌ಬುಕ್ಕು ತೆರೆದು, ಸಾವಕಾಶದ ಕೆಳಗೆ 'ಸತ್ತ' ಎಂದು ಬರೆದು ತಾರೀಖು ಹಾಕಿದಳು. ಎದ್ದು ನಿಂತು ನ್ಯಾಯಾಧೀಶರಿಗೆ ಹೇಳಿದಳು. "ಸರ್, ಪ್ರತಿ ಪುಟ ಇಲ್ಲೇ ಮುದ್ರಿಸ್ತೀನಿ. ಹೇಳಿದವರು ಓದಿ ಇಲ್ಲೇ ಸಹಿ ಮಾಡಲಿ. ಕೆಳಗಡೆ ಅಲ್ಲ, ಆ ಪದದ ಪಕ್ಕದಲ್ಲಿ."

ಪ್ರಿಂಟರು ಮೊದಲ ಹಾಳೆ ಉಗುಳಿತು. ಅತ್ತೆ ಅದನ್ನು ಗಟ್ಟಿಯಾಗಿ ಓದಿದರು, ಸಭೆಯಿಡೀ ಕೇಳುವಂತೆ. ಹೊಲಿಗೆಯವಳು ಬಟ್ಟೆಯ ಮೇಲೆ ಗುರುತು ಹಾಕುವಷ್ಟೇ ಜೋಪಾನವಾಗಿ ಹಾಳೆಯನ್ನು ಸಮ ಮಾಡಿಕೊಂಡು, ಆ ಎರಡಕ್ಷರಕ್ಕೆ ಅಂಟಿಕೊಂಡಂತೆ, ನಡುವೆ ಇನ್ನೊಂದು ಅಕ್ಷರಕ್ಕೂ ಜಾಗ ಬಿಡದೆ, ತನ್ನ ಸಹಿ ಹಾಕಿದಳು.